ಮಗಳಿಗೊಂದು ಪತ್ರ: ಕೊಳ್ಳುವವರ ಕಡೆಯಿಂದಲೂ ನೋಡು

ಪುಟ್ಟಿ,

ಶಸ್ತ್ರಾಸ್ತ್ರ ವ್ಯಾಪಾರದ ಮೇಲೇ ಪಿಎಚ್‌ಡಿ ಮಾಡ್ತೀನಿ ಅಂತ ನೀನು ಹೇಳಿದಾಗಿನಿಂದ ನಿನ್ನಮ್ಮನದು ಒಂದೇ ಪ್ರಶ್ನೆ: "ಅದನ್ನ ಓದಿದ್ರೆ ಕೆಲಸ ಸಿಗುತ್ತಾ?" ಅದಕ್ಕೇ ನೀನು ಆಗಾಗ ಹೇಳುವ, ಇದೇ ವಿಷಯದ ವಿದ್ವಾಂಸ ಕೀತ್ ಕ್ರೌಸ್ ಬಗ್ಗೆ ಒಂದಿಷ್ಟು ಓದಿದೆ.

ಕೆನಡಾದವರು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು, ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, ಆಮೇಲೆ ಜಿನೀವಾದಲ್ಲಿ ಪ್ರೊಫೆಸರ್ ಆದರು. ಅಮ್ಮನಿಗೆ ಇಷ್ಟು ಸಾಕಾಯಿತು.

ನನಗೆ ಹಿಡಿಸಿದ್ದು 1992ರಲ್ಲಿ ಬಂದ ಅವರ ಪುಸ್ತಕದ ವಾದ. ಆಯುಧ ಮಾಡುವ ದೇಶಗಳನ್ನು ಅವರು ಮೂರು ಸಾಲಾಗಿ ನಿಲ್ಲಿಸುತ್ತಾರೆ. ಹೊಸದನ್ನು ಕಂಡುಹಿಡಿಯುವವರು ಮೊದಲ ಸಾಲು. ಅದನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುವವರು ಎರಡನೆಯದು. ಇನ್ನೊಬ್ಬರ ನಕ್ಷೆ ತಂದು ಹಾಗೇ ಮಾಡುವವರು ಮೂರನೆಯದು. ನಮ್ಮಲ್ಲಿ ಬೊಫೋರ್ಸ್ ಅಂದ ಕೂಡಲೇ ಲಂಚದ ಮಾತೇ. 1986ರಲ್ಲಿ 410 ಫಿರಂಗಿಗಳಿಗೆ ಸ್ವೀಡನ್ ತನಕ ಯಾಕೆ ಹೋಗಬೇಕಾಯಿತು, ಈ ಸಾಲುಗಳಲ್ಲಿ ನಾವೆಲ್ಲಿದ್ದೇವೆ ಅಂತ ಕೇಳಿದವರು ಕಡಿಮೆ.

ಮೂರನೇ ಸಾಲು ಅಂದರೇನು ಅಂತ ತಿಳಿಯಲು ನನಗೆ ಪುಸ್ತಕ ಬೇಕಿಲ್ಲ. ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ನಾನು ಜಾಗ್ವಾರ್ ಯುದ್ಧವಿಮಾನದ ಅಡೂರ್ ಎಂಜಿನ್ನಿನ ಬ್ಲೇಡ್ ಪರೀಕ್ಷೆ ಮಾಡುತ್ತಿದ್ದೆ. ಬ್ಲೇಡಿಗೆ ಒಂದು ದ್ರವ ಹಚ್ಚಿ, ತೊಳೆದು, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿಯಬೇಕು. ಬರಿಗಣ್ಣಿಗೆ ಕಾಣದ ಬಿರುಕು ಹಸಿರು ಗೆರೆಯಾಗಿ ಹೊಳೆಯುತ್ತದೆ. ನಕ್ಷೆ ರೋಲ್ಸ್ ರಾಯ್ಸ್ ಮತ್ತು ಫ್ರಾನ್ಸಿನ ಟರ್ಬೊಮೆಕಾದ್ದು. ಎಂಥ ಬಿರುಕಿದ್ದರೆ ಬ್ಲೇಡ್ ಬಿಸಾಕಬೇಕು ಅಂತ ಅವರ ಕಾಗದ ಹೇಳುತ್ತಿತ್ತು. ಯಾಕೆ ಅಂತ ಹೇಳುತ್ತಿರಲಿಲ್ಲ.

ಸ್ಟಾಕ್‌ಹೋಮ್‌ನಲ್ಲಿ 1966ರಿಂದ ಇರುವ ಸಿಪ್ರಿ ಅನ್ನುವ ಶಾಂತಿ ಸಂಶೋಧನಾ ಸಂಸ್ಥೆಯ ಪಟ್ಟಿ ನೀನೇ ತೋರಿಸಿದ್ದೆ. 1950ರಿಂದ ಈಚೆಗೆ ಯಾರು ಯಾರಿಗೆ ದೊಡ್ಡ ಆಯುಧ ಕೊಟ್ಟರು ಅನ್ನುವ ಲೆಕ್ಕ. ಅವರ ಅಂಕಿಗಳು ಹಣದ್ದಲ್ಲ, ಆಯುಧದ ಸಾಮರ್ಥ್ಯದ್ದು. ಲೈಸೆನ್ಸ್ ಪಡೆದು ಮಾಡಿದ್ದನ್ನೂ ಅವರು ಕೊಟ್ಟವರ ಖಾತೆಗೇ ಬರೆಯುತ್ತಾರೆ. ಅಂದರೆ ಬೆಂಗಳೂರಿನಲ್ಲಿ ತಯಾರಾದ ಜಾಗ್ವಾರ್ ಕೂಡ ಬ್ರಿಟನ್ ನಮಗೆ ಕೊಟ್ಟ ವಿಮಾನ! ನನ್ನ ಶಿಫ್ಟಿನವರಿಗೆ ಹೇಳಿದರೆ ಜಗಳಕ್ಕೇ ಬಂದಾರು. ಆದರೆ ಆ ಕಾಗದ ನೆನೆದರೆ, ಲೆಕ್ಕ ಸರಿಯೇ ಅನ್ನಿಸುತ್ತದೆ.

ಕ್ರೌಸ್ ದೊಡ್ಡ ಆಯುಧಗಳಿಗೇ ನಿಲ್ಲಲಿಲ್ಲ. 1999ರಲ್ಲಿ ಜಿನೀವಾದಲ್ಲಿ ಸ್ಮಾಲ್ ಆರ್ಮ್ಸ್ ಸರ್ವೆ, ಅಂದರೆ ಬಂದೂಕು, ಪಿಸ್ತೂಲಿನಂಥ ಸಣ್ಣ ಆಯುಧಗಳ ಅಧ್ಯಯನ, ಶುರು ಮಾಡಿದರು. ಯುದ್ಧನೌಕೆ ಕೈಬದಲಾದರೆ ಸುದ್ದಿಯಾಗುತ್ತದೆ, ಪಿಸ್ತೂಲು ಆಗಲ್ಲ, ಅಲ್ವಾ? 2018ರ ಅವರ ಅಂದಾಜಿನಂತೆ ಜಗತ್ತಿನಲ್ಲಿ 100 ಕೋಟಿಗೂ ಜಾಸ್ತಿ ಬಂದೂಕುಗಳಿವೆ. ಅದರಲ್ಲಿ 85.7 ಕೋಟಿ ಸಾಮಾನ್ಯ ಜನರ ಕೈಯಲ್ಲಿ. ಸೈನ್ಯಗಳ ಹತ್ತಿರ 13.3 ಕೋಟಿ ಮಾತ್ರ. ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಒಂದು ವಿಷಯದಲ್ಲಿ ಮಾತ್ರ ನಿನ್ನ ಜೊತೆ ನನ್ನ ತಕರಾರಿದೆ. 2013ರಲ್ಲಿ ವಿಶ್ವಸಂಸ್ಥೆಯಲ್ಲಿ, ಆಯುಧ ಮಾರಾಟಕ್ಕೆ ನಿಯಮ ಹಾಕುವ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದಕ್ಕೆ 154 ದೇಶಗಳು ಕೈ ಎತ್ತಿದಾಗ ಭಾರತ ತಟಸ್ಥವಾಗಿ ಉಳಿಯಿತು. ನಾಚಿಕೆಗೇಡು ಅಂದೆ ನೀನು. ಮಾರುವವರು ನಡುವೆ ಕೈಕೊಟ್ಟರೆ ಕೊಳ್ಳುವವರ ಗತಿಯೇನು ಅನ್ನೋದು ನಮ್ಮ ಆಕ್ಷೇಪವಾಗಿತ್ತು. 1998ರ ಪೋಖ್ರಾಣ್ ಪರೀಕ್ಷೆಯ ನಂತರ, ಅಮೆರಿಕದಲ್ಲಿ ನಮ್ಮ ಎಲ್‌ಸಿಎ (ಹಗುರ ಯುದ್ಧವಿಮಾನ) ಕೆಲಸದಲ್ಲಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳಿಸಿದರು. ಅದನ್ನು ನೋಡಿದವರಿಗೆ ಈ ಆಕ್ಷೇಪ ಬರೀ ನೆಪ ಅನ್ನಿಸಲ್ಲ. ಒಪ್ಪಂದ ಬೇಡ ಅಂತ ನಾನು ಹೇಳುತ್ತಿಲ್ಲ. ಕೊಳ್ಳುವವರ ಕಡೆಯಿಂದಲೂ ಒಂದು ಅಧ್ಯಾಯ ಬರಿ.

ಅದಕ್ಕೆ ಜನ ನಾನು ಹುಡುಕಿಕೊಡುತ್ತೇನೆ. ಪ್ರಶ್ನೆಗಳನ್ನು ಕಳಿಸು. ನಮ್ಮ ರಿಟೈರ್ಡ್ ಬಳಗ ರಹಸ್ಯವೇನೂ ಬಿಟ್ಟುಕೊಡಲ್ಲ, ಆದರೆ ಎಂಜಿನ್ ಬಗ್ಗೆ ಕೇಳಿದರೆ ಮಾತು ನಿಲ್ಲಿಸೋದೂ ಇಲ್ಲ.

ಅಪ್ಪ