ನಮ್ಮ ಅಂಬಾಸಿಡರ್‌ನ ಹಳೇ ಸೆಲ್ಫ್ ಉಳಿಸಿಕೊಟ್ಟವರಿಗೆ

ಅಂತೂ ನಮ್ಮ ಅಂಬಾಸಿಡರ್ ತನ್ನದೇ ಸೆಲ್ಫ್‌ನಲ್ಲಿ ಸ್ಟಾರ್ಟ್ ಆಗುತ್ತಿದೆ. ತಳ್ಳಬೇಕಿಲ್ಲ, ಕೈಯಿಂದ ಎಂಜಿನ್ ತಿರುಗಿಸಲು ಹ್ಯಾಂಡಲ್ ಹೊಡೆಯಬೇಕಿಲ್ಲ, ಹೋದಲ್ಲೆಲ್ಲ ಇಳಿಜಾರು ಹುಡುಕಿ ನಿಲ್ಲಿಸಬೇಕಿಲ್ಲ. ಮಳೆಗಾಲ ಪೂರ್ತಿ ಕೈಕೊಟ್ಟಿದ್ದ ಸೆಲ್ಫ್ ಮೋಟಾರು ರಿಪೇರಿಯಾಗಿ ವಾಪಸ್ ಬಂದಿದೆ. ಹೊಸದಲ್ಲ, ಬೇರೆ ಗಾಡಿಯದಲ್ಲ, ಅದೇ ಹಳೆಯದು. ಇದಕ್ಕೆ ಓಡಾಡಿದವರು ಒಬ್ಬಿಬ್ಬರಲ್ಲ. ಫೋನ್ ಮಾಡಿ ಹೇಳಿದ್ದಾಗಿದೆ, ಆದರೂ ನಾಲ್ಕು ಜನರ ಎದುರಿಗೆ ಹೇಳಿದರೇ ಸಮಾಧಾನ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮದು 1970ರ ಮಾರ್ಕ್ 2. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಮಾಡಿದ ಗಾಡಿ, 1489 ಸಿಸಿ ಎಂಜಿನ್ನು. ಸೆಲ್ಫ್ ಮೇಲೆ ಲೂಕಾಸ್ ಟಿವಿಎಸ್ ಅಂತ ಇದೆ. ಚೆನ್ನೈ ಪಾಡಿಯ ಕಂಪನಿ, 1961ರಲ್ಲಿ ಶುರುವಾಗಿದ್ದು. ಈಗಿನ ಕಾರುಗಳ ಸೆಲ್ಫ್ ಒಂದು ಕೈಯಲ್ಲಿ ಎತ್ತಬಹುದು. ಇದು ಕಾಲ ಮೇಲೆ ಬಿದ್ದರೆ ಆಸ್ಪತ್ರೆಯೇ ಗತಿ.

ಮೊದಲು ಎಂಜಿನ್ ಬಿಸಿ ಇದ್ದಾಗ ಮಾತ್ರ ಎಳೆಯುತ್ತಿರಲಿಲ್ಲ. ಆಮೇಲೆ ತಣ್ಣಗಿದ್ದರೂ ಅದೇ ಹಾಡು. ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಹೆಡ್‌ಲೈಟ್ ಮಂಕು, ಮುಗೀತು. ಬ್ಯಾಟರಿ ಬದಲಿಸಿ ನೋಡಿದ್ದಾಯಿತು, ಅರ್ತ್ ವೈರ್ ಉಜ್ಜಿ ಹಾಕಿದ್ದಾಯಿತು. ಅಲ್ಲಿಂದ ಶುರು ತಳ್ಳಾಟ. ಹಾಗಾಗಿ ಮೊದಲ ಥ್ಯಾಂಕ್ಸ್ ನಮ್ಮ ಕೇರಿಯ ಹುಡುಗರಿಗೆ. ಕ್ರಿಕೆಟ್ ಅರ್ಧಕ್ಕೆ ಬಿಟ್ಟು ಬಂದು ತಳ್ಳಿದ್ದಾರೆ, ಒಮ್ಮೆಯೂ ಮುಖ ಸಿಂಡರಿಸಿಲ್ಲ. ನಮ್ಮ ಯಜಮಾನರೂ ತಳ್ಳಿದರು, ಮುಖ ಸಿಂಡರಿಸಿಯೇ ತಳ್ಳಿದರು, ಅವರಿಗೂ ಥ್ಯಾಂಕ್ಸ್. ಪಕ್ಕದ ಮನೆ ಚಿಕ್ಕಪ್ಪ ನನಗೆ ಹ್ಯಾಂಡಲ್ ಹೊಡೆಯೋದು ಕಲಿಸಿದರು. ಹೆಬ್ಬೆರಳು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಕಡೆಯೇ ಇರಬೇಕು, ಕೆಳಗಿಂದ ಮೇಲಕ್ಕೆ ಎಳೆಯಬೇಕು, ಕೆಳಕ್ಕೆ ಒತ್ತಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಆಗ ಕೈ ಉಳಿಯುತ್ತದೆ. ಐವತ್ತು ದಾಟಿದ ಮೇಲೆ ಕಲಿತ ವಿದ್ಯೆ ಇದು!

ಇಲ್ಲೇ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿ ನೋಡಿ, "ಇದು ಗುಜರಿಗೆ ಹೋಗೋ ಮಾಲು ಮೇಡಂ, ಹೊಸ ಟೈಪಿನದು ಕೂರಿಸ್ತೀವಿ ಬಿಡಿ" ಅಂದರು. ಇದೇ ಜಾಗದವರು ಹಿಂದೊಮ್ಮೆ ಇದಕ್ಕೆ ಬುಷ್, ಅಂದರೆ ಶಾಫ್ಟ್ ಒಳಗೆ ಕೂತು ತಿರುಗುವ ಲೋಹದ ಬಳೆ, ಹಾಕಿದ್ದರು. ಹೇಗೆ ಹಾಕಿದ್ದರು ಅಂತ ಆಮೇಲೆ ಗೊತ್ತಾಯಿತು. ಹೆಸರು ಬೇಡ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬರು ಹಳೇ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಿಂದ ಇದೇ ಕೆಲಸ ಅಂತ ಅಣ್ಣ ಹೇಳಿದ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗಾಡಿ ಅಲ್ಲಿಗೆ ಒಯ್ಯುವ ಹಾಗಿರಲಿಲ್ಲವಲ್ಲ, ಸೆಲ್ಫ್ ಇಳಿಸಿ ಗೋಣಿಚೀಲದಲ್ಲಿ ಕಟ್ಟಿ ತೀರ್ಥಹಳ್ಳಿಯಿಂದ ಬಸ್ಸಿಗೆ ಹಾಕಿದೆ. ಕಂಡಕ್ಟರ್ ಎತ್ತಿ ನೋಡಿ, "ಏನಕ್ಕಾ ಇದು, ರುಬ್ಬೋ ಗುಂಡಾ?" ಅಂದ. ಆದರೂ ಇಳಿದು ಭಾಯ್ ಕಡೆಯ ಹುಡುಗನ ಕೈಗೇ ಕೊಟ್ಟು ನನಗೆ ಫೋನ್ ಮಾಡಿದ. ಮಲೆನಾಡಿನ ಪ್ರೈವೇಟ್ ಬಸ್ಸಿನವರು ಇಲ್ಲದಿದ್ದರೆ ನಮ್ಮ ಅರ್ಧ ಕೆಲಸ ಆಗೋದೇ ಇಲ್ಲ, ಅಲ್ವಾ?

ಮರುದಿನ ನಾನೇ ಹೋದೆ. ಭಾಯ್ ಬಿಚ್ಚಿಟ್ಟಿದ್ದರು. ಬುಷ್ ಸವೆದು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಕೆಳಕ್ಕೆ ಕೂತು ಸುತ್ತಲಿನ ಅಲ್ಲಾಡದ ಕಬ್ಬಿಣದ ಪೋಲ್‌ಗೆ ಉಜ್ಜಿ ಉಜ್ಜಿ ಒಂದು ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ಹಾಗೆ ಉಜ್ಜಿದರೆ ತಿರುಗಲು ಕಷ್ಟ, ಕಷ್ಟಪಟ್ಟಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ, ಕರೆಂಟ್ ಜಾಸ್ತಿಯಾದಷ್ಟೂ ಬಿಸಿ. ಆ ಬಿಸಿಗೆ ಕಮ್ಯುಟೇಟರ್ (ಆರ್ಮೇಚರ್ ತುದಿಯಲ್ಲಿ ಕರೆಂಟ್ ತಗೊಳ್ಳುವ ತಾಮ್ರದ ಪಟ್ಟಿಗಳ ಸುತ್ತು) ಹತ್ತಿರದ ಬೆಸುಗೆ ಕರಗಿ ಹನಿಹನಿಯಾಗಿ ಬಾಡಿ ಒಳಗೆಲ್ಲ ಸಿಡಿದಿತ್ತು. ಹಳೇ ಬುಷ್ ಎಣ್ಣೆಯನ್ನೇ ಕಂಡಿರಲಿಲ್ಲ. ಕಮ್ಯುಟೇಟರ್ ಮೇಲೆ ಎಮರಿ ಪೇಪರ್ ತಿಕ್ಕಿದ ಗೀರುಗಳು. ಭಾಯ್ ಬೈಯಲಿಲ್ಲ, ಸುಮ್ನೆ ನಾಲಿಗೆ ಲೊಚಗುಟ್ಟಿದರು. ನನಗೆ ಬೈಗುಳಕ್ಕಿಂತ ಅದೇ ಜೋರಾಗಿ ಕೇಳಿಸಿತು.

ಆಮೇಲೆ ಆರ್ಮೇಚರನ್ನು ಗ್ರೌಲರ್ ಅನ್ನೋ ಪರೀಕ್ಷೆ ಮಾಡುವ ಯಂತ್ರದ ಮೇಲಿಟ್ಟು, ಮೇಲೆ ಒಂದು ಹ್ಯಾಕ್ಸಾ ಬ್ಲೇಡ್ ಹಿಡಿದು ನಿಧಾನಕ್ಕೆ ತಿರುಗಿಸಿದರು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಅಲ್ಲಿ ಬ್ಲೇಡ್ ಗರ್ರ್ ಅಂತ ನಡುಗುತ್ತದಂತೆ. ಒಂದು ಸುತ್ತು ಪೂರ್ತಿ ಬಂದರೂ ಬ್ಲೇಡ್ ಅಲ್ಲಾಡಲಿಲ್ಲ. "ಜೀವ ಇದೆ ಅಮ್ಮಾ, ಯಾಕೆ ಗುಜರಿಗೆ ಹಾಕ್ತೀರಾ?" ಅಂದರು.

ಗೀರು ಹೋಗುವ ಹಾಗೆ ಕಮ್ಯುಟೇಟರ್ ಮೇಲ್ಮೈ ತೆಳ್ಳಗೆ ಹೊಡೆಸಲು ಎದುರಿನ ಲೇತ್ ಅಂಗಡಿಗೆ ಹೋದೆವು. ಇಲ್ಲೇ ನೋಡಿ ಅಸಲಿ ಕಥೆ. ಲೇತಿನವರು ಲಕ್ಷಣವಾಗಿ ಹೊಡೆದು, ತಾಮ್ರದ ಪಟ್ಟಿಗಳ ನಡುವೆ ಕರೆಂಟ್ ದಾಟದಂತೆ ತಡೆಯುವ ಮೈಕಾವನ್ನು ಗರಗಸದಿಂದ ಕೆರೆಯಲು ಹೊರಟರು. ಭಾಯ್ ಹೋಗಿ ಕೈ ಹಿಡಿದರು. "ಡೈನಮೋಗೆ ಕೆರೀತೀವಲ್ಲ ಭಾಯ್?" ಅಂತ ಅವರು. "ಡೈನಮೋ ಬೇರೆ, ಸೆಲ್ಫ್ ಬೇರೆ" ಅಂತ ಇವರು. ಸೆಲ್ಫ್‌ನಲ್ಲಿ ಕಮ್ಯುಟೇಟರಿಗೆ ಒತ್ತಿ ಕರೆಂಟ್ ಕೊಡುವ ಕಾರ್ಬನ್‌ನಲ್ಲಿ ತಾಮ್ರದ ಅಂಶ ಜಾಸ್ತಿ, ನೂರಾರು ಆಂಪಿಯರ್ ಹರಿಯಬೇಕಲ್ಲ. ಸಂದು ಮಾಡಿದರೆ ಆ ಪುಡಿ ಹೋಗಿ ಕೂತು ಪಟ್ಟಿಯಿಂದ ಪಟ್ಟಿಗೆ ಶಾರ್ಟ್ ಆಗುತ್ತದೆ, ಅದಕ್ಕೇ ಲೂಕಾಸ್ ಸೆಲ್ಫ್‌ಗೆ ಕೆರೆಯೋ ಹಾಗಿಲ್ಲ ಅಂತ ಅವರ ವಾದ. ಇಬ್ಬರೂ ಒಂದು ಚಾ ಮುಗಿಯುವವರೆಗೆ ಜಗಳ ಆಡಿದರು. ಮನೆಗೆ ಬಂದು ಹಳೇ ಬಿಎಂಸಿ (ಈ ಎಂಜಿನ್ನಿನ ಮೂಲ ಬ್ರಿಟಿಷ್ ಕಂಪನಿ) ಮ್ಯಾನ್ಯುಯಲ್ ತೆಗೆದು ನೋಡಿದೆ. ಭಾಯ್ ಹೇಳಿದ್ದೇ ಅಲ್ಲೂ ಇತ್ತು, ಸ್ಟಾರ್ಟರ್‌ಗೆ ಕೆರೆಯಕೂಡದು ಅಂತ. ಅವರು ಆ ಪುಸ್ತಕ ಕಂಡೇ ಇಲ್ಲ. ಮಾತು ಕೇಳಿ ಗರಗಸ ಕೆಳಗಿಟ್ಟ ಲೇತಿನವರಿಗೂ ಥ್ಯಾಂಕ್ಸ್ ಹೇಳಲೇಬೇಕು. ಎಲ್ಲರೂ ಕೇಳೋದಿಲ್ಲ.

ಪೋಲ್ ಸುತ್ತ ಇರುವ ಫೀಲ್ಡ್ ಕಾಯಿಲ್ ಬಿಚ್ಚಿ ಹೊಸ ಕಾಟನ್ ಟೇಪ್ ಸುತ್ತಿ ವಾರ್ನಿಷ್ ಹಾಕಿ ಒಣಗಿಸಿಕೊಟ್ಟಿದ್ದು ಪಕ್ಕದ ವೈಂಡಿಂಗ್ ಅಂಗಡಿಯ ಹುಡುಗಿ. ಅವಳ ಕೈ ಎಷ್ಟು ಚುರುಕು ಅಂದರೆ, ನಾನು ಕನ್ನಡಕ ಹಾಕಿಕೊಳ್ಳುವುದರೊಳಗೆ ಒಂದು ಕಾಯಿಲ್ ಮುಗಿದಿತ್ತು. ಬೆಂಡಿಕ್ಸ್, ಅಂದರೆ ಸೆಲ್ಫನ್ನು ಎಂಜಿನ್ನಿಗೆ ಕಚ್ಚಿಸುವ ಭಾಗ, ಅದರ ಸ್ಪ್ರಿಂಗ್ ಶಿವಮೊಗ್ಗದಲ್ಲಿ ಸಿಗಲಿಲ್ಲ. ಬೆಂಗಳೂರಿನಲ್ಲಿರೋ ಅಕ್ಕನ ಮಗ ಜೆಸಿ ರೋಡಿನ ಅಂಗಡಿ ಅಂಗಡಿ ಸುತ್ತಿ, ಧೂಳು ಹಿಡಿದ ಹಳೇ ಸ್ಟಾಕಿನಲ್ಲಿ ಹುಡುಕಿ ಕಳಿಸಿದ. ಪುಟ್ಟಾ, ಊರಿಗೆ ಬಾ, ಕಡುಬು ಮಾಡಿಡ್ತೀನಿ.

ಹೊಸ ಬುಷ್ ಬಂದ ದಿನ ಜೋಡಿಸಿಬಿಡುತ್ತಾರೆ ಅಂದುಕೊಂಡಿದ್ದೆ. "ನಾಳೆ ಬನ್ನಿ" ಅಂದರು. ಯಾಕೆ ಅಂದರೆ, ಬುಷ್ ಎಂಜಿನ್ ಆಯಿಲ್‌ನಲ್ಲಿ ಒಂದು ದಿನ ನೆನೆಯಬೇಕಂತೆ. ಅದರ ಲೋಹದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಅವು ಎಣ್ಣೆ ಕುಡಿದುಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಹಿಂದೆ ಹಾಕಿದವರಿಗೆ ಆ ಒಂದು ದಿನ ಕಾಯಲು ಆಗಿರಲಿಲ್ಲ, ಅಷ್ಟೇ.

ಜೋಡಿಸಿದ ಮೇಲೆ ವೈಸ್‌ಗೆ ಬಿಗಿದು ಬ್ಯಾಟರಿ ಮುಟ್ಟಿಸಿದರು. ಠಣ್ ಅಂತ ಬೆಂಡಿಕ್ಸ್‌ನ ಹಲ್ಲಿನ ಚಿಕ್ಕ ಚಕ್ರ, ಪಿನಿಯನ್, ಶಾಫ್ಟ್ ಮೇಲೆ ಜಾರಿ ಬಂದು ತುದಿಗೆ ಬಡಿಯಿತು, ಮೋಟಾರು ಹೋ ಅಂತ ಹಾಡಿತು. ಶಾಫ್ಟ್ ಥಟ್ಟನೆ ತಿರುಗುತ್ತದೆ, ಭಾರದ ಪಿನಿಯನ್ ಅಷ್ಟು ಬೇಗ ತಿರುಗಲಾರದೆ ಶಾಫ್ಟಿನ ತಿರುಪಿನ ಮೇಲೆ ಸರಿದು ಹೋಗಿ ಎಂಜಿನ್ನಿನ ದೊಡ್ಡ ಚಕ್ರ ಫ್ಲೈವೀಲ್ ಹಲ್ಲಿಗೆ ಕೂರುತ್ತದೆ. ಎಂಜಿನ್ ಹತ್ತಿದ ಕೂಡಲೇ ಫ್ಲೈವೀಲೇ ಅದನ್ನು ಹಿಂದಕ್ಕೆ ಎಸೆಯುತ್ತದೆ. ಇಷ್ಟು ಸರಳ! ಅಲ್ಲಿದ್ದವರೆಲ್ಲ ಕೆಲಸ ಬಿಟ್ಟು ಬಂದು ನೋಡಿದರು.

ಹೋದ ವಾರ ಉಡುಪಿಗೆ ಹೋಗಿ ಬಂದೆವು. ನಿಜವಾದ ಪರೀಕ್ಷೆ ವಾಪಸ್ ಬರುವಾಗ. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತಿ, ಎಂಜಿನ್ ಕಾದು ಕೆಂಡವಾಗಿದ್ದಾಗ ಮೇಲೆ ನಿಲ್ಲಿಸಿ ಆಫ್ ಮಾಡಿದೆ. ಯಜಮಾನರು ಸುತ್ತ ನೋಡಿ, "ಇಲ್ಲಿ ತಳ್ಳೋಕೆ ಹುಡುಗರಿಲ್ಲ" ಅಂದರು. ಕಾಫಿ ಕುಡಿದು ಬಂದು ಸೆಲ್ಫ್ ಹೊಡೆದೆ. ಒಂದೇ ಏಟಿಗೆ ಹತ್ತಿತು.

ಖರ್ಚಿನ ವಿಷಯ ಕೇಳುವವರಿಗೆ: ಹೊಸ ಟೈಪಿನದು ಹಾಕಿಸಿದ್ದರೆ ಓಡಾಟ ಸೇರಿ ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತು. ಭಾಯ್ ತಗೊಂಡ ಕೂಲಿ ಮಾತ್ರ ಅವರ ಕೆಲಸಕ್ಕೆ ಏನೇನೂ ಸಾಲದು, ಜಾಸ್ತಿ ಕೊಡಲು ಹೋದರೆ ವಾಪಸ್ ಜೇಬಿಗೇ ತುರುಕಿದರು. ಕೊನೆಗೆ ತೋಟದ ಬಾಳೆಗೊನೆ ಬಸ್ಸಿಗೆ ಹಾಕಿ ಕಳಿಸಿದೆ, ಅದನ್ನು ವಾಪಸ್ ಕಳಿಸಲು ಅವರಿಗೆ ದಾರಿ ಇರಲಿಲ್ಲ.

ಫ್ಲೈವೀಲ್ ಹಲ್ಲು ಎರಡು ಕಡೆ ಸವೆದಿದೆಯಂತೆ. ನಾಲ್ಕು ಸಿಲಿಂಡರ್ ಎಂಜಿನ್ ನಿಲ್ಲುವಾಗ ಹೆಚ್ಚಾಗಿ ಅದೇ ಎರಡು ಜಾಗದಲ್ಲಿ ನಿಲ್ಲುತ್ತದೆ, ಪಿನಿಯನ್ ಅಲ್ಲೇ ಕಚ್ಚುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ನೋಡೋಣ ಅಂದಿದ್ದಾರೆ. ಬೆಂಡಿಕ್ಸ್‌ಗೆ ಮಾತ್ರ ಯಾವ ಕಾರಣಕ್ಕೂ ಗ್ರೀಸ್ ಹಚ್ಚಬೇಡಿ, ಧೂಳು ಹಿಡಿದು ಪಿನಿಯನ್ ಸಿಕ್ಕಿಕೊಳ್ಳುತ್ತದೆ ಅಂತ ಎಲ್ಲರಿಗೂ ಹೇಳಲು ಹೇಳಿದ್ದಾರೆ, ಹೇಳಿದ್ದೇನೆ. ನಿಮ್ಮ ಮನೆಯಲ್ಲೂ ಹಳೇ ಸೆಲ್ಫ್ ಬಿದ್ದಿದ್ದರೆ ಅಲ್ಲಿಗೆ ಒಯ್ಯಿರಿ. ಅಂಬಾಸಿಡರ್ ಭಾಯ್ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾರೆ, ಆಗ ಹೋಗಬೇಡಿ.