ಗಣಿತ–ಅಕೌಂಟೆನ್ಸಿ ಜಂಟಿ ಪದವಿ: ಎರಡನ್ನೂ ಬೆಸೆಯುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಪದವಿ ಪ್ರವೇಶದ ಹೊತ್ತಿಗೆ ಗಣಿತ ಮತ್ತು ಅಕೌಂಟೆನ್ಸಿ ಸೇರಿದ ಜಂಟಿ ಪದವಿಯ ಬಗ್ಗೆ ವಿಚಾರಿಸುವವರು ಹೆಚ್ಚುತ್ತಾರೆ. "ಲೆಕ್ಕದಲ್ಲಿ ಚುರುಕಿದ್ದರೆ ಸಾಕು, ಎರಡೂ ಲೆಕ್ಕವೇ ತಾನೆ" ಎಂಬ ಸಲಹೆಯೂ ಅವರಿಗೆ ಧಾರಾಳವಾಗಿ ಸಿಗುತ್ತದೆ. ಈ ಸಲಹೆ ನಂಬಿ ಸೇರಿದವರು ಮೊದಲ ಸೆಮಿಸ್ಟರಿನಲ್ಲೇ ತಬ್ಬಿಬ್ಬಾಗುತ್ತಾರೆ. ಮೊದಲ ವರ್ಷದ ಅಕೌಂಟೆನ್ಸಿಯಲ್ಲಿ ಕೂಡು, ಕಳೆ, ಶೇಕಡಾವಾರು ದಾಟಿದ ಗಣಿತ ಬರುವುದೇ ಅಪರೂಪ. ಗಣಿತದ ತರಗತಿಯಲ್ಲೋ ಅಂಕಿಗಳೇ ಕಾಣೆ. ಎಪ್ಸಿಲಾನ್, ಡೆಲ್ಟಾ, 'ಪ್ರತಿಯೊಂದಕ್ಕೂ', 'ಕನಿಷ್ಠ ಒಂದಾದರೂ' ಎಂಬ ಮಾತುಗಳದೇ ಕಾರುಬಾರು. ಒಂದು ಕಡೆ ನಿಯಮ ಮತ್ತು ವಿವೇಚನೆ, ಇನ್ನೊಂದು ಕಡೆ ವ್ಯಾಖ್ಯೆ ಮತ್ತು ಸಾಧನೆ (ಪ್ರೂಫ್).

ಹಾಗೆಂದು ಇವೆರಡಕ್ಕೂ ನಂಟಿಲ್ಲವೆಂದಲ್ಲ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಡಬಲ್ ಎಂಟ್ರಿ ಪದ್ಧತಿಯ ವಿವರವಾದ ನಿರೂಪಣೆ ಮೊದಲು ಅಚ್ಚಾಗಿ ಬಂದದ್ದೇ 1494ರಲ್ಲಿ, ವೆನಿಸ್‌ನಲ್ಲಿ, ಲೂಕಾ ಪಾಚೋಲಿ ಎಂಬ ಗಣಿತಜ್ಞನ ಗಣಿತ ಗ್ರಂಥದ ಒಂದು ಭಾಗವಾಗಿ. ನಂಟು ಗಟ್ಟಿಯಾಗಿಯೇ ಇದೆ. ಆದರೆ ಅದನ್ನು ಕಲಿಸುವ ಹೊಣೆ ಯಾರದೂ ಅಲ್ಲದಂತಾಗಿದೆ. ಗಣಿತ ವಿಭಾಗ ತನ್ನ ಪತ್ರಿಕೆಗಳನ್ನು ಮುಗಿಸುತ್ತದೆ, ವಾಣಿಜ್ಯ ವಿಭಾಗ ತನ್ನದನ್ನು. ವಿದ್ಯಾರ್ಥಿ ಎರಡರಲ್ಲೂ ಪಾಸಾಗುತ್ತಾನೆ, ಒಂದರ ಹತ್ಯಾರನ್ನು ಇನ್ನೊಂದರಲ್ಲಿ ಬಳಸಲು ಮಾತ್ರ ಕಲಿತಿರುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ಒಂದು ಉದಾಹರಣೆಯನ್ನು ಬಿಡಿಸಿಯೇ ಹೇಳುತ್ತೇವೆ. ಬ್ಯಾಂಕು 1,00,000 ಸಾಲ ಕೊಡುತ್ತದೆ, ಮೊದಲೇ 3,000 ಶುಲ್ಕ ಹಿಡಿದುಕೊಳ್ಳುತ್ತದೆ. ವರ್ಷಕ್ಕೆ ಶೇ 10 ಬಡ್ಡಿ, ಮೂರನೆಯ ವರ್ಷದ ಕೊನೆಗೆ ಅಸಲು ವಾಪಸ್. ಸಾಲಗಾರನ ಕೈಗೆ ಬಂದದ್ದು 97,000; ಅವನು ಕಟ್ಟುವುದು 10,000, 10,000, 1,10,000. ಶುಲ್ಕವನ್ನು ವರ್ಷಕ್ಕೆ 1,000ದಂತೆ ಹಂಚಿ, ಪ್ರತಿವರ್ಷ 11,000 ಬಡ್ಡಿ ವೆಚ್ಚ ಬರೆಯುವುದು ಬಹುತೇಕ ವಿದ್ಯಾರ್ಥಿಗಳ ಮೊದಲ ಉತ್ತರ. ಅದು ತಪ್ಪು. ಏಕೆಂದರೆ ಹಾಗೆ ಬರೆದಾಗ ಪುಸ್ತಕದಲ್ಲಿರುವ ಸಾಲದ ಮೇಲೆ ಬೀಳುವ ದರ ಮೊದಲ ವರ್ಷ ಶೇ 11.34, ಎರಡನೆಯ ವರ್ಷ 11.22, ಮೂರನೆಯ ವರ್ಷ 11.11 ಆಗುತ್ತದೆ. ಅದೇ ಸಾಲ, ಅದೇ ಕರಾರು. ದರ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುವುದಕ್ಕೆ ಅರ್ಥವಿಲ್ಲ. ಲೆಕ್ಕಪತ್ರ ಮಾನದಂಡ ಕೇಳುವುದು ಒಂದೇ ದರವನ್ನು: ಮುಂದಿನ ಮೂರೂ ಪಾವತಿಗಳ ಪ್ರಸ್ತುತ ಮೌಲ್ಯವನ್ನು (ಬಡ್ಡಿ ಕಳೆದು ಇಂದಿಗೆ ಇಳಿಸಿದ ಬೆಲೆಯನ್ನು) ಸರಿಯಾಗಿ 97,000ಕ್ಕೆ ತರುವ ದರ.

ಇದು ಘನ ಸಮೀಕರಣ. ಅಕೌಂಟೆನ್ಸಿ ತರಗತಿಯಲ್ಲಿ ಕೋಷ್ಟಕ ನೋಡಿ ಅಂದಾಜಿಸುತ್ತಾರೆ, ಇಲ್ಲವೇ ಸ್ಪ್ರೆಡ್‌ಶೀಟಿನ ಗುಂಡಿ ಒತ್ತುತ್ತಾರೆ. ಕಲನಶಾಸ್ತ್ರ ಓದಿದವರಿಗೆ ಅಂದಾಜನ್ನು ಹೆಜ್ಜೆ ಹೆಜ್ಜೆಗೆ ತಿದ್ದುತ್ತಾ ಉತ್ತರ ಮುಟ್ಟುವ ನ್ಯೂಟನ್ ವಿಧಾನ ಗೊತ್ತಿದೆ: ಶೇ 11ರಿಂದ ಹೊರಟರೆ ಒಂದು ಹೆಜ್ಜೆಗೆ 11.2317, ಎರಡನೆಯ ಹೆಜ್ಜೆಗೆ 11.2326. ಅಲ್ಲಿಗೆ ನಾಲ್ಕು ದಶಮಾಂಶ ಗಟ್ಟಿ. ಆ ದರದಲ್ಲಿ ಬಡ್ಡಿ ವೆಚ್ಚ ಕ್ರಮವಾಗಿ 10,896, 10,996, 11,108. ಒಟ್ಟು 33,000, ಪುಸ್ತಕದ ಸಾಲ 97,896, 98,892 ಎಂದು ಏರುತ್ತಾ ಕೊನೆಗೆ 1,00,000 ಮುಟ್ಟುತ್ತದೆ. ದರವನ್ನು 11.23ಕ್ಕೆ ತುಂಡರಿಸಿಬಿಟ್ಟರೆ ಕೊನೆಯ ವರ್ಷ ಸುಮಾರು 9 ಕಡಿಮೆ ಬೀಳುತ್ತದೆ, ವಿದ್ಯಾರ್ಥಿ ಎಲ್ಲಿ ತಪ್ಪಿತೆಂದು ಜರ್ನಲ್ (ವ್ಯವಹಾರ ನಮೂದಿಸುವ ಪುಸ್ತಕ) ಪೂರ್ತಿ ಹುಡುಕುತ್ತಾನೆ. ತಪ್ಪು ಜರ್ನಲ್‌ನಲ್ಲಿಲ್ಲ. ಮಧ್ಯದಲ್ಲಿ ದಶಮಾಂಶ ಕತ್ತರಿಸಬಾರದು, ಕೊನೆಯ ಉತ್ತರದಲ್ಲಿ ಮಾತ್ರ ಪೂರ್ಣಾಂಕಕ್ಕೆ ತರಬೇಕು. ಇಷ್ಟನ್ನು ಗಣಿತದವರೂ ಹೇಳುವುದಿಲ್ಲ, ವಾಣಿಜ್ಯದವರೂ ಹೇಳುವುದಿಲ್ಲ.

ಇದರ ಮುಂದಿನ ಪ್ರಶ್ನೆ ಇನ್ನೂ ಮುಖ್ಯ. ಆ ದರ ಒಂದೇ ಇರುತ್ತದೆಂದು ಏನು ಖಾತ್ರಿ? ಮೇಲಿನ ಸಾಲದಲ್ಲಿ ಖಾತ್ರಿಯಿದೆ. ಹಣ ಒಮ್ಮೆ ಒಳಗೆ ಬಂದು ಆಮೇಲೆ ಹೊರಗೇ ಹೋಗುತ್ತದೆ, ದರ ಏರಿದಂತೆ ಪ್ರಸ್ತುತ ಮೌಲ್ಯ ಇಳಿಯುತ್ತಲೇ ಇರುತ್ತದೆ, ಹಾಗಾಗಿ 97,000ವನ್ನು ಅದು ಒಂದೇ ಕಡೆ ಮುಟ್ಟುತ್ತದೆ. ಗಣಿಗಾರಿಕೆಯಂಥ ಯೋಜನೆ ತೆಗೆದುಕೊಳ್ಳಿ: ಇಂದು 1,000 ಹೂಡಿಕೆ, ಮುಂದಿನ ವರ್ಷ 2,500 ಆದಾಯ, ಅದರ ಮರುವರ್ಷ ಗಣಿ ಮುಚ್ಚಿ ನೆಲ ಸರಿಪಡಿಸಲು 1,560 ಖರ್ಚು. ಇದರ ಆಂತರಿಕ ಆದಾಯ ದರ (ಒಳಬಂದ ಮತ್ತು ಹೊರಹೋದ ಹಣದ ಪ್ರಸ್ತುತ ಮೌಲ್ಯಗಳನ್ನು ಸಮವಾಗಿಸುವ ದರ) ಶೇ 20 ಕೂಡ ಹೌದು, ಶೇ 30 ಕೂಡ ಹೌದು. ಸ್ಪ್ರೆಡ್‌ಶೀಟು ಒಂದನ್ನಷ್ಟೇ ತೋರಿಸುತ್ತದೆ, ಯಾವುದೆಂಬುದು ನೀವು ಕೊಟ್ಟ ಆರಂಭಿಕ ಅಂದಾಜಿನ ಮೇಲೆ ನಿಂತಿದೆ. ನಗದು ಹರಿವಿನ ಚಿಹ್ನೆ ಎಷ್ಟು ಸಲ ಬದಲಾಗುತ್ತದೆಂದು ಎಣಿಸಿ, ಹೆಚ್ಚೆಂದರೆ ಎಷ್ಟು ಉತ್ತರ ಇರಬಹುದೆಂದು ಹೇಳುವ ಡೆಕಾರ್ಟೆಯ ನಿಯಮವನ್ನು ಅರಿತವನು ಗುಂಡಿ ಒತ್ತುವ ಮೊದಲೇ ಎಚ್ಚರವಾಗುತ್ತಾನೆ. ಜಂಟಿ ಪದವಿಯ ಬೆಲೆ ಇರುವುದು ಈ ಎಚ್ಚರದಲ್ಲಿ.

ಇಂಥ ಜಾಗಗಳು ಪಠ್ಯಕ್ರಮದ ಉದ್ದಕ್ಕೂ ಇವೆ. ಕಂಪನಿಯೊಳಗಿನ ಸೇವಾ ವಿಭಾಗಗಳು ಪರಸ್ಪರ ಕೆಲಸ ಮಾಡಿಕೊಡುವಾಗ ವೆಚ್ಚ ಹಂಚುವುದನ್ನು ಕಾಸ್ಟ್ ಅಕೌಂಟಿಂಗ್‌ನಲ್ಲಿ ಎರಡು ಬೇರೆ ವಿಧಾನಗಳೆಂದು ಕಲಿಸುತ್ತಾರೆ: ಒಂದು, ಏಕಕಾಲಿಕ ಸಮೀಕರಣ, ಇನ್ನೊಂದು, ಉಳಿಕೆ ಸಣ್ಣದಾಗುವವರೆಗೆ ಸುತ್ತು ಸುತ್ತು ಹಂಚುವುದು. ಮಾತೃಕೆ (ಮ್ಯಾಟ್ರಿಕ್ಸ್) ಗೊತ್ತಿದ್ದವರಿಗೆ ಎರಡನೆಯದು ಬೇರೆ ವಿಧಾನವಲ್ಲ, ಮೊದಲನೆಯದರ ವಿಲೋಮ ಮಾತೃಕೆಯನ್ನೇ ಅನಂತ ಶ್ರೇಣಿಯಾಗಿ ಬಿಡಿಸಿ, ಒಂದೊಂದೇ ಪದ ಕೂಡುತ್ತಾ ಹೋಗುವುದು. ಷೇರಿನ ಬೆಲೆ ಕಟ್ಟುವ ಸೂತ್ರದಲ್ಲಿ ಲಾಭಾಂಶವನ್ನು 'ದರ ಕಳೆ ಬೆಳವಣಿಗೆ'ಯಿಂದ ಭಾಗಿಸುತ್ತೇವೆ. ದರ ಶೇ 5, ಬೆಳವಣಿಗೆ ಶೇ 6 ಎಂದು ಹಾಕಿ ಋಣ ಬೆಲೆ ಪಡೆದು ಸುಮ್ಮನಾಗುವವರಿದ್ದಾರೆ. ಆ ಸೂತ್ರ ಗುಣೋತ್ತರ ಶ್ರೇಢಿಯ ಮೊತ್ತ. ಬೆಳವಣಿಗೆ ದರವನ್ನು ಮೀರಿದರೆ ಮೊತ್ತವೇ ಇರುವುದಿಲ್ಲ, ಬಂದ ಉತ್ತರಕ್ಕೆ ಅರ್ಥವೂ ಇಲ್ಲ. ಶ್ರೇಢಿಗೆ ಮೊತ್ತ ಯಾವಾಗ ಇರುತ್ತದೆ ಎಂಬಂಥ ಪ್ರಶ್ನೆಗಳನ್ನು ಬಿಡಿಸುವ ರಿಯಲ್ ಅನಾಲಿಸಿಸ್ "ನಮಗೇಕೆ" ಎಂದು ಕೇಳುವ ಜಂಟಿ ಪದವಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಐಚ್ಛಿಕವಾಗಿದ್ದರೂ ಅದನ್ನು ಬಿಡಬೇಡಿ ಎಂದೇ ನಮ್ಮ ಸಲಹೆ.

ಆಡಿಟ್‌ನಲ್ಲಿ ಎಷ್ಟು ನಮೂನೆ ಎತ್ತಿ ಪರೀಕ್ಷಿಸಬೇಕೆಂದು ತಿಳಿಯಲು 'ಶೇ 95 ವಿಶ್ವಾಸಕ್ಕೆ ಅಂಶ 3' ಎಂಬ ಕೋಷ್ಟಕ ಕಂಠಪಾಠವಾಗಿರುತ್ತದೆ. ಬಾಕಿ ಮೊತ್ತ 50,00,000, ಸಹಿಸಬಹುದಾದ ತಪ್ಪು 1,50,000 ಆದರೆ 50,00,000ವನ್ನು 3ರಿಂದ ಗುಣಿಸಿ 1,50,000ದಿಂದ ಭಾಗಿಸಿ 100 ನಮೂನೆ ಎನ್ನುತ್ತಾರೆ. ಆ 3 ಎಲ್ಲಿಂದ ಬಂತು? ಶೇ 3 ತಪ್ಪಿರುವ ರಾಶಿಯಿಂದ 100 ಎತ್ತಿದಾಗ ಒಂದೂ ತಪ್ಪು ಸಿಗದಿರುವ ಸಂಭವನೀಯತೆ 0.97ರ ನೂರನೆಯ ಘಾತ, ಅಂದರೆ ಸುಮಾರು 0.048. ಶೇ 5ಕ್ಕಿಂತ ತುಸು ಕಡಿಮೆ. ಕೋಷ್ಟಕದ 3 ಎಂಬುದು 0.05ರ ಸಹಜ ಲಾಗರಿದಮ್ಮಿನ ಋಣ ಚಿಹ್ನೆ ತೆಗೆದ ಬೆಲೆ, 2.996. ಇದು ತಿಳಿದಿದ್ದರೆ ಇನ್ನೊಂದೂ ತಿಳಿಯುತ್ತದೆ: ನಮೂನೆಯಲ್ಲಿ ಒಂದೇ ಒಂದು ತಪ್ಪು ಸಿಕ್ಕರೂ ಈ 3 ನಿಲ್ಲುವುದಿಲ್ಲ, ಲೆಕ್ಕ ಮತ್ತೆ ಹಾಕಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಬದಿಯನ್ನೂ ಹೇಳಲೇಬೇಕು. ಗಣಿತದಲ್ಲಿ ಗಟ್ಟಿಯಿರುವವರು ಅಕೌಂಟೆನ್ಸಿಯಲ್ಲಿ ಎಡವುವುದು ಅಂಕಿಯಲ್ಲಲ್ಲ, ಮಾತಿನಲ್ಲಿ. ಕಂಪನಿಯ ಮೇಲೆ ಒಂದು ಮೊಕದ್ದಮೆಯಿದೆ. 1,00,000 ಕಟ್ಟಬೇಕಾಗುವ ಸಾಧ್ಯತೆ ಶೇ 60, ಏನೂ ಕಟ್ಟಬೇಕಿಲ್ಲದ ಸಾಧ್ಯತೆ ಶೇ 40. ಎಷ್ಟು ಪ್ರಾವಿಷನ್ ಮಾಡಬೇಕು, ಅಂದರೆ ಮುಂದೆ ಕಟ್ಟಬೇಕಾಗಬಹುದಾದ್ದಕ್ಕೆ ಈಗಲೇ ಲೆಕ್ಕದಲ್ಲಿ ಎಷ್ಟು ತೋರಿಸಬೇಕು? ಗಣಿತದ ವಿದ್ಯಾರ್ಥಿ ಕಣ್ಣು ಮುಚ್ಚಿ ನಿರೀಕ್ಷಿತ ಮೌಲ್ಯ 60,000 ಎಂದು ಬರೆಯುತ್ತಾನೆ. ಅಂತರರಾಷ್ಟ್ರೀಯ ಮಾನದಂಡ ಐಎಎಸ್ 37ರ ಪ್ರಕಾರ, ಒಂಟಿ ಬಾಧ್ಯತೆಯಾದರೆ ಸಾಮಾನ್ಯವಾಗಿ ಅತಿ ಸಂಭವನೀಯ ಫಲಿತಾಂಶವೇ ಆಧಾರ, ಅಂದರೆ 1,00,000. ಸಾವಿರಾರು ಗ್ರಾಹಕರಿಗೆ ಕೊಟ್ಟ ವಾರಂಟಿಯಂಥ ದೊಡ್ಡ ಗುಂಪಾದರೆ ಮಾತ್ರ ನಿರೀಕ್ಷಿತ ಮೌಲ್ಯ. ಕಾರಣವೂ ಸರಿಯಾದುದೇ: ಒಂದೇ ಮೊಕದ್ದಮೆಯಲ್ಲಿ 60,000 ಎಂದೂ ಕಟ್ಟುವ ಮೊತ್ತವಲ್ಲ. ಸಾವಿರ ವಾರಂಟಿಗಳಲ್ಲಿ ಸರಾಸರಿ ನಿಜಕ್ಕೂ ಕಟ್ಟುವ ಮೊತ್ತದ ಹತ್ತಿರ ಬರುತ್ತದೆ. ಅಷ್ಟಲ್ಲದೆ, ಮೊತ್ತಕ್ಕೆ ಮೊದಲು ಮೂರು ಷರತ್ತು ಬರೆದು ತೋರಿಸಬೇಕು: ಹಿಂದಿನ ಘಟನೆಯಿಂದ ಹುಟ್ಟಿದ ಈಗಿನ ಬಾಧ್ಯತೆ, ಹಣ ಹೊರಹೋಗುವ ಸಂಭವ ಹೋಗದಿರುವುದಕ್ಕಿಂತ ಹೆಚ್ಚಿರುವುದು, ನಂಬಲರ್ಹ ಅಂದಾಜು. ಅಂಕ ಇರುವುದು ಈ ವಾಕ್ಯಗಳಿಗೆ. ಉತ್ತರ ಸಂಖ್ಯೆ ಮಾತ್ರ ಬರೆದವನಿಗೆ ಅರ್ಧವೂ ಸಿಗುವುದಿಲ್ಲ.

ಓದುವ ಕ್ರಮವೂ ಬೇರೆ ಬೇರೆ. ಅಕೌಂಟೆನ್ಸಿಯನ್ನು ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಬೇಕು. ಟ್ರಯಲ್ ಬ್ಯಾಲೆನ್ಸ್‌ನಿಂದ (ಎಲ್ಲ ಖಾತೆಗಳ ಬಾಕಿಯನ್ನು ಎರಡು ಬದಿಯಲ್ಲಿ ಬರೆದು ತಾಳೆ ನೋಡುವ ಪಟ್ಟಿಯಿಂದ) ಅಂತಿಮ ಲೆಕ್ಕಪತ್ರ ತಯಾರಿಸುವಾಗ ಪ್ರತಿ ಹೊಂದಾಣಿಕೆಯ ಎರಡೂ ಪರಿಣಾಮಗಳನ್ನು ಒಟ್ಟಿಗೇ ಬರೆದುಬಿಡಬೇಕು. ಮುಂಗಡ ಕಟ್ಟಿದ ವಿಮೆಯನ್ನು ಲಾಭ–ನಷ್ಟ ಖಾತೆಯಲ್ಲಿ ಕಳೆದು, ಬ್ಯಾಲೆನ್ಸ್ ಶೀಟಿಗೆ ಆಮೇಲೆ ಹಾಕೋಣವೆಂದು ಮುಂದೆ ಹೋದವರ ಶೀಟು ತಾಳೆಯಾಗುವುದಿಲ್ಲ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು (5,427 ಬದಲು 5,247 ಬರೆದರೆ ವ್ಯತ್ಯಾಸ 180), ಸಮಸಂಖ್ಯೆಯಾದರೆ ಅದರ ಅರ್ಧದ ಮೊತ್ತ ತಪ್ಪು ಬದಿಗೆ ಹೋಗಿರಬಹುದು. 'ಇರಬಹುದು' ಅಷ್ಟೆ, ಯಾವ ಸಂಖ್ಯೆಯಾದರೂ ಒಂಬತ್ತರಲ್ಲಿ ಒಂದು ಸಲ 9ರಿಂದ ಭಾಗವಾಗಿಯೇ ಆಗುತ್ತದೆ. ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದೂ ಅಲ್ಲ, ಬರೆಯದೇ ಬಿಟ್ಟ ವ್ಯವಹಾರವನ್ನು ಟ್ರಯಲ್ ಬ್ಯಾಲೆನ್ಸ್ ಹಿಡಿಯಲಾರದು. ಗಣಿತಕ್ಕೆ ಗಡಿಯಾರ ಬೇಡ. ಪ್ರಮೇಯದ ಒಂದು ಷರತ್ತು ತೆಗೆದರೆ ಸಾಧನೆ ಯಾವ ಸಾಲಿನಲ್ಲಿ ಮುರಿಯುತ್ತದೆಂದು ಹುಡುಕುತ್ತಾ ಒಂದು ಸಂಜೆ ಕಳೆದರೂ ನಷ್ಟವಿಲ್ಲ. ಒಂದೇ ದಿನ ಎರಡನ್ನೂ ಓದುವುದಾದರೆ ಗಣಿತ ಮೊದಲು, ತಲೆ ದಣಿಯುವ ಮುನ್ನ.

ಪತ್ರಿಕೆಗಳ ಆಯ್ಕೆಯಲ್ಲಿ ಆಗುವ ತಪ್ಪು ಆಮೇಲೆ ಸರಿಯಾಗುವುದು ಕಷ್ಟ. ಮೊದಲ ವಾರವೇ ಅಂತಿಮ ವರ್ಷದ ಪತ್ರಿಕೆಗಳಿಂದ ಹಿಂದಕ್ಕೆ ಬರುತ್ತಾ, ಯಾವುದಕ್ಕೆ ಯಾವುದು ಪೂರ್ವಸಿದ್ಧತೆ ಎಂಬ ನಕ್ಷೆ ಬರೆಯಿರಿ. ಕಲನಶಾಸ್ತ್ರ ಮತ್ತು ರೇಖಾತ್ಮಕ ಬೀಜಗಣಿತ ಮೊದಲ ವರ್ಷ, ಸಂಭವನೀಯತೆ ಎರಡನೆಯ ವರ್ಷದ ಮೊದಲರ್ಧದಲ್ಲೇ ಮುಗಿಯಬೇಕು. ಅದು ತಡವಾದರೆ ಸಂಖ್ಯಾಶಾಸ್ತ್ರ, ಹಣಕಾಸು ಗಣಿತ ಎಲ್ಲವೂ ಒಂದೊಂದು ಹೆಜ್ಜೆ ಹಿಂದೆ ಬೀಳುತ್ತವೆ. ಪದವಿಯಲ್ಲಿ ಓದಿದ್ದನ್ನು ವೃತ್ತಿಪರ ಪರೀಕ್ಷೆಗಳಲ್ಲಿ ಮತ್ತೆ ಬರೆಯಬೇಕಿಲ್ಲವೆಂಬ ವಿನಾಯಿತಿ ಇನ್ನೊಂದು ತಲೆನೋವು. ವಿನಾಯಿತಿ ಸಿಗುವುದು ಪದವಿಯ ಹೆಸರಿಗಲ್ಲ, ಓದಿದ ಪತ್ರಿಕೆಗಳಿಗೆ. ಜಂಟಿ ಪದವಿಯಲ್ಲಿ ಜಾಗ ಸಾಲದೆ ಮೊದಲು ಕೈಬಿಡುವುದೇ ತೆರಿಗೆ, ಕಾನೂನು, ಆಡಿಟ್. ಪೂರ್ಣ ಅಕೌಂಟೆನ್ಸಿ ಪದವಿಗೆ ಸಿಗುವಷ್ಟು ವಿನಾಯಿತಿ ತನಗೂ ಸಿಗುತ್ತದೆಂದು ಎಣಿಸಿಕೊಂಡವನು ಪದವಿ ಮುಗಿದ ಮೇಲೆ ನಿರಾಶನಾಗುತ್ತಾನೆ. ಐಚ್ಛಿಕ ಪತ್ರಿಕೆ ಆರಿಸುವ ಮುನ್ನ ಆಯಾ ವೃತ್ತಿಪರ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಕೋರ್ಸು, ಪ್ರವೇಶದ ವರ್ಷ ಎರಡನ್ನೂ ನೋಡಿ, ಅನುಮಾನವಿದ್ದರೆ ಬರಹದಲ್ಲಿ ಉತ್ತರ ಪಡೆಯಿರಿ. ಆಕ್ಚುವರಿ (ವಿಮೆ, ಪಿಂಚಣಿಯ ಅಪಾಯ ಲೆಕ್ಕ ಹಾಕುವ ವೃತ್ತಿ) ಪರೀಕ್ಷೆಗಳಿಗೂ ಇದೇ ಮಾತು.

ವಿಶ್ವವಿದ್ಯಾಲಯಗಳನ್ನು ನಾವು ಕೇಳುವುದು ದೊಡ್ಡದೇನಲ್ಲ. ಎರಡನೆಯ ವರ್ಷ ಒಂದು ಬೆಸುಗೆ ಪತ್ರಿಕೆ ಇರಲಿ. ಮೇಲೆ ಹೇಳಿದ ಬಡ್ಡಿ ದರ, ವೆಚ್ಚ ಹಂಚಿಕೆ, ನಮೂನೆ ಆಯ್ಕೆಯಂಥ ಆರೇಳು ಸಮಸ್ಯೆಗಳನ್ನು ಎರಡೂ ವಿಭಾಗದ ಅಧ್ಯಾಪಕರು ಸೇರಿ ಕಲಿಸಲಿ. ಎರಡು ವಿಭಾಗಗಳ ಕಿರುಪರೀಕ್ಷೆಗಳು ಒಂದೇ ವಾರ ಬೀಳದಂತೆ ನೋಡಿಕೊಳ್ಳಲು ಒಬ್ಬರಿಗೆ ಹೊಣೆ ಕೊಡಿ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಮಾರ್ಗದರ್ಶಕರಿರಲಿ. ಹೊಸ ಹುದ್ದೆ ಬೇಡ, ಹೊಸ ಕಟ್ಟಡ ಬೇಡ.

ಪ್ರವೇಶಕ್ಕೆ ಮುನ್ನ ವಿದ್ಯಾರ್ಥಿಗಳು, ಪೋಷಕರು ಇದನ್ನೇ ನೇರವಾಗಿ ಕೇಳಲಿ: ಇಂಥ ಪತ್ರಿಕೆ ಇದೆಯೇ, ಪ್ರಾಜೆಕ್ಟಿಗೆ ಇಬ್ಬರು ಮಾರ್ಗದರ್ಶಕರು ಸಿಗುತ್ತಾರೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಗಣಿತವನ್ನೇ ಪೂರ್ಣ ಪದವಿಯಾಗಿ ಓದಿ ಅಕೌಂಟೆನ್ಸಿಯನ್ನು ವೃತ್ತಿಪರ ಪರೀಕ್ಷೆಯಲ್ಲಿ ಕಲಿಯುವುದು ಹೆಚ್ಚು ಲಾಭದ ದಾರಿ ಎಂದು ನಾವು ಹೇಳುತ್ತೇವೆ. ಮಾನದಂಡಗಳನ್ನು ಕೆಲಸಕ್ಕೆ ಸೇರಿದ ಮೇಲೂ ಓದಿ ಕಲಿಯಬಹುದು, ರಿಯಲ್ ಅನಾಲಿಸಿಸ್ ಮತ್ತು ಸಂಭವನೀಯತೆಯನ್ನು ಹಾಗೆ ಕಲಿತವರು ತೀರಾ ಕಡಿಮೆ.

ಇಂತಿ,
ಗಣಿತ ಮತ್ತು ಅಕೌಂಟೆನ್ಸಿ ಕಲಿಸುವ ಕೆಲವು ಅಧ್ಯಾಪಕರು