ಅವರನ್ನು ಅಲೆಮಾರಿಗಳು ಅನ್ನಬೇಡಿ

ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಬಂದ ಜಪಾನ್ ಪ್ರವಾಸದ ಲೇಖನ ಓದಿದೆ. ಅದರಲ್ಲಿ ಅಓಮೊರಿಯ ಸನ್ನಾಯ್ ಮರುಯಾಮಾಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಅಲೆಮಾರಿ ಬೇಟೆಗಾರರ ಹಳೆಯ ನೆಲೆ’. ನಾನು ನಲವತ್ತು ವರ್ಷ ಬಡಗಿ ಕೆಲಸ ಮಾಡಿದವನು. ಹೋದ ವರ್ಷ ಮಗಳ ಜೊತೆ ಆ ಜಾಗ ನೋಡಿ ಬಂದೆ. ‘ಅಲೆಮಾರಿ’ ಅನ್ನೋ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಅಲ್ಲಿ ಆರು ಕಂಬದ ಗುಂಡಿಗಳಿವೆ. ಒಂದೊಂದೂ ಸುಮಾರು 2 ಮೀಟರ್ ಅಗಲ, 2 ಮೀಟರ್ ಆಳ. ನಡುವಿನ ಅಂತರ 4.2 ಮೀಟರ್, ಎಲ್ಲ ಕಡೆಯೂ ಅಷ್ಟೇ. ಒಳಗೆ 1 ಮೀಟರ್ ದಪ್ಪದ ಕಂಬಗಳ ಬುಡ ಉಳಿದಿತ್ತು. ತಳದಲ್ಲಿ ನೀರಿನಂಶ ಇದ್ದದ್ದರಿಂದ ಮರ ಪೂರ್ತಿ ಕೊಳೆತಿರಲಿಲ್ಲ. ಇನ್ನೊಂದು ಕಾರಣವೂ ಇದೆ. ಬುಡವನ್ನು ಸುಟ್ಟು ಕರಿ ಮಾಡಿ ನೆಟ್ಟಿದ್ದರು! ಮಣ್ಣಿಗೆ ಇಳಿಯುವ ತುದಿಯನ್ನು ಸುಟ್ಟರೆ ಬೇಗ ಹಾಳಾಗಲ್ಲ ಅಂತ ನನ್ನ ಗುರುಗಳೂ ಹೇಳಿಕೊಟ್ಟಿದ್ದರು. ಕಂಬಗಳನ್ನು ಒಳಕ್ಕೆ ಚೂರೇ ಚೂರು ವಾಲಿಸಿದ್ದರಂತೆ. ಕಬ್ಬಿಣದ ಉಳಿ ಇಲ್ಲ, ಗರಗಸ ಇಲ್ಲ. ಇದ್ದದ್ದು ಕಲ್ಲಿನ ಕೊಡಲಿ. ನಾಳೆ ಗಂಟುಮೂಟೆ ಕಟ್ಟುವವರು ಇಷ್ಟೊಂದು ಒದ್ದಾಡ್ತಾರಾ?

ಮರ ಚೆಸ್ಟ್‌ನಟ್. ಜಪಾನಿಯರು ಅದಕ್ಕೆ ‘ಕುರಿ’ ಅನ್ನುತ್ತಾರೆ. ಕುರಿ ಕಂಬ ಅಂತ ಮಗಳು ಹೇಳಿದಾಗ ಜೋರಾಗಿ ನಕ್ಕುಬಿಟ್ಟೆ. ಆ ಮರದ ಕಾಯಿಯೇ ಅವರ ಊಟ. ಡಿಎನ್ಎ ನೋಡಿದರೆ, ಊರಿನ ಸುತ್ತ ಅದನ್ನು ಬೆಳೆಸಿಕೊಂಡಿದ್ದರು ಅನ್ನಿಸುತ್ತದಂತೆ. ಭತ್ತ ಇನ್ನೂ ಬಂದಿರದ ಜೋಮೋನ್ ಕಾಲ ಅದು. ಆದರೂ 5,900 ವರ್ಷಗಳ ಹಿಂದಿನಿಂದ 4,200 ವರ್ಷಗಳ ಹಿಂದಿನವರೆಗೆ ಜನ ಅಲ್ಲೇ ಇದ್ದರು. 32 ಮೀಟರ್ ಉದ್ದದ ಒಂದು ಮನೆಯೂ ಇತ್ತು. ಕಡಲಾಚೆಯ ಹೊಕ್ಕೈಡೊದ ಕಪ್ಪು ಗಾಜುಕಲ್ಲು, ದೂರದ ಇತೊಯಿಗಾವಾದ ಹಸಿರು ಜೇಡ್ ಕಲ್ಲು ಅಲ್ಲಿ ಸಿಕ್ಕಿವೆ. ತಿರುಗಾಡಿದ್ದಾರೆ, ನಿಜ. ಆದರೆ ತಿರುಗಿ ಮನೆಗೆ ಬಂದಿದ್ದಾರೆ, ಅಲ್ವಾ?

1992ರಲ್ಲಿ ಅಗೆತ ಶುರುವಾಗಿದ್ದು ಬೇಸ್‌ಬಾಲ್ ಮೈದಾನ ಕಟ್ಟೋಕೆ. 1994ರಲ್ಲಿ ಕಂಬಗಳು ಸಿಕ್ಕ ಮೇಲೆ, ಆಗಲೇ ಶುರುವಾಗಿದ್ದ ಕೆಲಸವನ್ನು ಅಲ್ಲಿನ ಆಡಳಿತ ನಿಲ್ಲಿಸಿತು. 2021ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಈಗ ಪಕ್ಕದಲ್ಲೇ ಆರು ಕಂಬಗಳ ಹೊಸ ಅಟ್ಟ ನಿಂತಿದೆ, 14.7 ಮೀಟರ್ ಎತ್ತರ. ಅಷ್ಟು ದಪ್ಪದ ಮರಗಳನ್ನು ರಷ್ಯಾದಿಂದ ತರಿಸಿದರಂತೆ. ಮೇಲೆ ಚಾವಣಿ ಇಲ್ಲ. ಚಾವಣಿ ಇತ್ತೋ ಇಲ್ಲವೋ ಎಂದು ವಿದ್ವಾಂಸರಲ್ಲೇ ಒಮ್ಮತವಿಲ್ಲ. ಸುಮ್ನೆ ಊಹಿಸಿ ಏನೋ ಒಂದು ಹೊದಿಸಿಬಿಡಲಿಲ್ಲವಲ್ಲ, ಅದು ನನಗೆ ಜಾಸ್ತಿ ಹಿಡಿಸಿತು.

ವಸ್ತುಸಂಗ್ರಹಾಲಯದಲ್ಲಿ ತೊಗಟೆಯಿಂದ ಹೆಣೆದ ಪುಟ್ಟ ಚೀಲ ಒಂದಿದೆ. ಅದರೊಳಗೆ ಅಕ್ರೋಟಿನ ಚಿಪ್ಪು ಸಿಕ್ಕಿತ್ತು. ಹೆಣಿಗೆ ಇವತ್ತಿಗೂ ಬಿಗಿಯಾಗಿದೆ. ಮುಂದೆ ಲೇಖನ ಬರೆಸುವಾಗ ಆ ಚೀಲದ ಚಿತ್ರ ಹಾಕಿ.

– ಒಬ್ಬ ನಿವೃತ್ತ ಬಡಗಿ